ಗಾಡಿ ಹತ್ತಿದ ದೋಣಿ

ಮೊನ್ನೆ ನಮ್ಮ ಬೀದಿಗೆ ಡಾಂಬರು ಹಾಕಿದರು. ಕಿಟಕಿ ಮುಚ್ಚಿಕೊಳ್ಳಿ ಎಂದು ಸೊಸೆ ಎರಡು ಸಲ ಕೂಗಿದಳು. ನಾನು ಮುಚ್ಚಲಿಲ್ಲ. ಆ ಕಾದ ಡಾಂಬರಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಘಟ್ಟದ ಮೇಲಿನ ನಮ್ಮೂರು ತಿಗನಾರೆಯ ಎದುರುಮನೆಯ ಹಿತ್ತಿಲು, ಅಲ್ಲಿ ಹಲಗೆ ಸಂದಿಗೆ ಡಾಂಬರು ಮೆತ್ತುತ್ತ ಕುಕ್ಕರಗಾಲಲ್ಲಿ ಕೂತಿದ್ದ ದೊಡ್ಡಪ್ಪ...

ರಕ್ತಸಂಬಂಧದ ದೊಡ್ಡಪ್ಪನಲ್ಲ. ಹೆತ್ತವರಿಲ್ಲದ ನನ್ನನ್ನು ಸೋದರಮಾವನಿಗೇ ಕೊಟ್ಟು ಊರಲ್ಲೇ ಉಳಿಸಿದ್ದರು. ಎದುರುಮನೆಯ ದೊಡ್ಡಪ್ಪನಿಗೆ ಹೆಂಡತಿ ಇರಲಿಲ್ಲ, ಒಬ್ಬಳೇ ಮಗಳು. ಅವಳೂ ನಾನೂ ಒಂದೇ ತಟ್ಟೆಯಲ್ಲಿ ಉಂಡವರು. ಅವಳನ್ನು ಘಟ್ಟದ ಕೆಳಗೆ, ಹೊಳೆದಂಡೆಯ ಹಳ್ಳಿಗೆ ಕೊಟ್ಟ ಮೇಲೆ ಅವನಿಗೆ ಸಾರು ಕೊಂಡೊಯ್ಯುವುದು ನನ್ನ ಕೆಲಸವಾಯಿತು. ಸಾರು ನೆಪ. ಅವನ ಜಗಲಿಯಲ್ಲಿ ಸ್ವಲ್ಪ ಹೊತ್ತು ಕೂತು ಬರದಿದ್ದರೆ ನನಗೆ ಅನ್ನ ಇಳಿಯುತ್ತಿರಲಿಲ್ಲ.

ಆಮೇಲೆ ಕೆಳಗೆ ಅಣೆಕಟ್ಟು ಕಟ್ಟಿದರು. ನೀರು ಏರಿ ಮಗಳ ಹಳ್ಳಿ ಮುಳುಗಿ, ಊರಿನವರೆಲ್ಲ ಆಚೆ ದಡಕ್ಕೆ ಹೋಗಿ ಗುಡಿಸಲು ಹಾಕಿಕೊಂಡರು. ದೀಪಾವಳಿಗೆ ಕರೆತರಲು ಹೋದ ದೊಡ್ಡಪ್ಪ ಒಬ್ಬನೇ ವಾಪಸು ಬಂದ. ದಾಟಿಸಲು ಇದ್ದದ್ದು ಹಸುವಿನ ಚರ್ಮ ಹೊದಿಸಿದ ಹರಿಗೋಲು. ಅವನದು ತಲೆತಲಾಂತರದಿಂದ ಗುಡಿಯ ಬಸವನನ್ನು ಸಾಕುವ ಮನೆತನ. ಹಸುವಿನ ಚರ್ಮದ ಮೇಲೆ ಕೂರುವುದು ಅವನಿಂದಾಗಲಿಲ್ಲ. ಆಚೆ ದಡದಲ್ಲಿ ಮಗಳು ಕೈ ಎತ್ತಿ ಏನೋ ಕೂಗಿದಳಂತೆ, ಗಾಳಿಗೆ ಒಂದು ಮಾತೂ ಕೇಳಲಿಲ್ಲವಂತೆ. ಸೀರೆಯ ಬಣ್ಣ ಮಾತ್ರ ಕಂಡಿತು ಎಂದ. ಅವತ್ತು ನಾನು ಕೊಟ್ಟ ಮುದ್ದೆ ಹಾಗೇ ಉಳಿಯಿತು.

ಮರುವಾರ ದೊಡ್ಡಪ್ಪ ಹಿತ್ತಿಲ ಮಾವಿನ ಮರ ಕಡಿಸಿದ. ಕೊಳ್ಳೇಗಾಲದ ಕಡೆಯಿಂದ ಕಾವೇರಿಯ ದೋಣಿ ಕಂಡಿದ್ದ ಬಡಗಿಯೊಬ್ಬನನ್ನು ಕರೆಸಿದ. ಕುಡಿಯುವ ನೀರಿಗೇ ಪರದಾಡುವ ಊರಲ್ಲಿ ಇವನು ದೋಣಿ ಕಟ್ಟುತ್ತಾನಲ್ಲ ಎಂದು ಜನ ನಕ್ಕರು. ಊರಿಗೇ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ ಎಂದು ನನ್ನ ಗಂಡನೂ ಅಂದ. ನನಗೂ ಒಳಗೊಳಗೇ ನಗು ಬರುತ್ತಿತ್ತು, ಸುಳ್ಳೇಕೆ ಹೇಳಲಿ.

ದೋಣಿಯನ್ನು ಆ ವರ್ಷದ ಮಳೆಗೆ ತುಂಬಿದ್ದ ಕೆರೆಯಲ್ಲಿ ಬಿಟ್ಟು ಹಲಗೆಗಳು ನೀರು ಕುಡಿದು ಬಿಗಿಯಾದ ಮೇಲೆ ಶುರುವಾಯಿತು ನಿಜವಾದ ಫಜೀತಿ. ದಡಕ್ಕೆಳೆದು, ಬೋರಲು ಹಾಕಿ, ಆಳು ಹಿಡಿದು ಗಾಡಿಗೆ ಹೇರಿ ಎಂದು ಬಡಗಿ ಹೇಳಿದ. ದೊಡ್ಡಪ್ಪ ಸುತರಾಂ ಒಪ್ಪಲಿಲ್ಲ. ಬೋರಲು ಹಾಕಿದ ಪಾತ್ರೆ ಸೂತಕದ ಮನೆಯಲ್ಲಿ ಮಾತ್ರ ಇರಬೇಕಾದದ್ದು.

“ತವರಿಂದ ಓಗೋ ಪದಾರ್ಥ ಬೋರ್ಲಾಗಿ ಓಗಬಾರದು ಕಣವ್ವ,” ಎಂದ ನನಗೆ.

ಹಾಗಾಗಿ ದೋಣಿ ತೇಲಿಕೊಂಡೇ ಗಾಡಿ ಹತ್ತಬೇಕಾಯಿತು. ಎತ್ತುಗಳಿಗೆ ಮುಂದೆ ನಡೆಯುವುದು ಗೊತ್ತು, ಹಿಂದು ಹಿಂದಕ್ಕೆ ನೀರಿಗಿಳಿಯುವುದು ಎಲ್ಲಿ ಗೊತ್ತು? ಕೊರಳು ಬಿಚ್ಚಿ, ಗಾಡಿ ತೇಲದಂತೆ ಅಚ್ಚಿಗೆ ಕಲ್ಲು ಕಟ್ಟಿ, ಕೈಯಿಂದಲೇ ಕೆರೆಗೆ ತಳ್ಳಿದರು. ಗಾಡಿ ಮುಳುಗಿತು, ಅದರ ಮೇಲೆ ದೋಣಿ ಬಂತು. ಎತ್ತು ಹೂಡಿ ಎಳೆದರೆ ದೋಣಿ ಸೊಟ್ಟಗೆ ಕೂತು ಒಂದು ಚಕ್ರದ ಮೇಲೇ ಭಾರ. ಹೊಳೆಗೆ ಇಳಿಯುವ ದಿಂಬಂ ಘಟ್ಟದ ತಿರುವುಗಳಲ್ಲಿ ಅದರ ಬಾಲ ಬಂಡೆಗೆ ಬಡಿಯುವುದು ಖಂಡಿತ. ಮತ್ತೆ ತಳ್ಳಿದರು. ಈ ಸಲ ಭಾರವೆಲ್ಲ ಹಿಂದಕ್ಕೆ ಬಿದ್ದು ನೊಗ ಮೇಲೆದ್ದು ಎತ್ತುಗಳಿಗೆ ಉಸಿರು ಕಟ್ಟಿತು. ನೀರಿನೊಳಗೆ ಗಾಡಿ ಯಾವ ಕಡೆಗಿದೆ ಎಂಬುದೇ ಕಾಣದಿರುವಾಗ ನೆಟ್ಟಗೆ ಬಾ ಎಂದರೆ ದೋಣಿ ಹೇಗೆ ಬಂದೀತು? ನಗಲು ಬಂದವರು ಒಬ್ಬೊಬ್ಬರೇ ಮನೆಗೆ ಹೋದರು. ದೊಡ್ಡಪ್ಪ ಎದೆಮಟ್ಟದ ನೀರಲ್ಲಿ ದೋಣಿಯ ಅಂಚು ಹಿಡಿದು ಸುಮ್ಮನೆ ನಿಂತುಬಿಟ್ಟ. ನನಗೆ ನೋಡಲಾಗಲಿಲ್ಲ.

“ಉಲ್ಲಿನ ಗಾಡಿಗೆ ಗಳ ನೆಡ್ತೀಯಲ್ಲ ದೊಡ್ಡಪ್ಪ, ಅಂಗೇ ನೆಟ್ಬುಡು. ನೀರಿನ ಮೇಲಕ್ಕೆ ಕಾಣ್ತದೆ,” ಎಂದೆ.

ಗಾಡಿಯ ಎರಡೂ ಪಕ್ಕಕ್ಕೆ ಉದ್ದನೆಯ ಬಿದಿರ ಗಳ ನೆಟ್ಟರು. ದೋಣಿಯ ಮೂತಿ ಎಲ್ಲಿಗೆ ಬಂದು ನಿಲ್ಲಬೇಕೋ ಅಲ್ಲಿಗೆ ಅಡ್ಡಗಳ ಕಟ್ಟಿದರು. ಕೊಟ್ಟಿಗೆಗೆ ಹಸು ನುಗ್ಗಿದ ಹಾಗೆ ದೋಣಿ ಅವುಗಳ ನಡುವೆ ನುಗ್ಗಿ ನೆಟ್ಟಗೆ ಕೂತಿತು. ದೊಡ್ಡಪ್ಪ ಒದ್ದೆ ಕೈಯನ್ನು ನನ್ನ ತಲೆಯ ಮೇಲಿಟ್ಟ.

ದೋಣಿಯೊಳಗೆ ರಾಗಿ, ಅವರೆಕಾಳು, ಬೆಲ್ಲ, ಮಗಳಿಗೊಂದು ಸೀರೆ ಇಟ್ಟುಕೊಂಡು ಆಳಿನ ಜೊತೆ ಬೆಳಕು ಹರಿಯುವಾಗ ಹೊರಟ. ತಾನು ಬರುವ ತನಕ ಬಸವನನ್ನು ನೋಡಿಕೋ ಎಂದು, ಊರಲ್ಲೇ ಬೇರೆ ಮನೆ ಮಾಡಿಕೊಂಡಿದ್ದ ತನ್ನ ತಮ್ಮನಿಗೆ ಹೇಳಿದ. ಮಗಳನ್ನು ಕರೆದುಕೊಂಡೇ ಬರುತ್ತೇನೆ ಎಂದು ನನಗೆ ಹೇಳಿದ. ನಾನು ಅವನ ಮನೆ ಗುಡಿಸಿ ಸಾರಿಸಿ, ಅವಳಿಗೆ ಇಷ್ಟವೆಂದು ಹುರುಳಿಕಾಳು ನೆನೆಹಾಕಿದೆ. ಕಾಳು ಮೊಳಕೆ ಬಂದು, ಮೊಳಕೆ ಕೊಳೆತು, ಅದನ್ನು ದನಕ್ಕೆ ಹಾಕಿದ ಮೇಲೆ ಗಾಡಿ ಬಂತು. ಅದರಲ್ಲಿ ಆಳು ಒಬ್ಬನೇ ಇದ್ದ.

ದೊಡ್ಡಪ್ಪ ದಾಟಿದನಂತೆ. ಮಗಳು ನೀರಿಗೇ ಇಳಿದು ಬಂದು ತಬ್ಬಿಕೊಂಡಳಂತೆ. ಅಳಿಯ ಕೂಲಿ ಹುಡುಕಿಕೊಂಡು ಹೋದವನು ಬಂದೇ ಇರಲಿಲ್ಲ. ಎಳೆಮಗುವನ್ನು ಇಟ್ಟುಕೊಂಡು ಅವಳೊಬ್ಬಳೇ. ಗಂಡ ಹುಡುಕಿಕೊಂಡು ಬಂದರೆ ಗುಡಿಸಲು ಖಾಲಿ ಇರಬಾರದೆಂದು ಜಾಗ ಬಿಟ್ಟು ಬರಲು ಒಪ್ಪಲಿಲ್ಲ. ದೊಡ್ಡಪ್ಪನೂ ಅಲ್ಲೇ ಉಳಿದ. ಹಬ್ಬಕ್ಕೆ ತವರಿಗೆ ಹೋಗುವ ಆ ದಡದ ಹೆಣ್ಣುಮಕ್ಕಳನ್ನೆಲ್ಲ ತನ್ನ ದೋಣಿಯಲ್ಲಿ ಈಚೆಗೆ ಬಿಡುತ್ತಿದ್ದಾನೆಂದು ಆಮೇಲಾಮೇಲೆ ಸುದ್ದಿ ಬರುತ್ತಿತ್ತು. ಇನ್ನೂ ಎಷ್ಟೋ ವರ್ಷ ಕಳೆದು, ಅವನು ತೀರಿಕೊಂಡದ್ದೂ ಹಾಗೇ, ಯಾರದೋ ಬಾಯಲ್ಲಿ...

ಅವತ್ತು ಆಳು ಎತ್ತುಗಳ ಕೊರಳು ಬಿಚ್ಚುತ್ತ ನನಗೊಂದು ಮಾತು ಒಪ್ಪಿಸಿದ್ದ. “ಮಗಿಗೆ ಏಳು, ದೋಣಿ ನೆಟ್ಟಗೆ ಬಂತು ಅಂತ,” ಎಂದು ದೊಡ್ಡಪ್ಪ ಹೇಳಿ ಕಳಿಸಿದ್ದನಂತೆ. ಅವನ ಬಾಯಲ್ಲಿ ಮಗು ಎಂದರೆ ನಾನು. ಆ ಮಾತಿಗೆ ಹಿಗ್ಗಬೇಕಿತ್ತು. ನಾನು ಬಾಗಿಲು ಹಾಕಿಕೊಂಡು ಅತ್ತೆ.

ಈಗ ನನಗೆ ಮೊಮ್ಮಕ್ಕಳಿದ್ದಾರೆ. ಹಬ್ಬ ಬಂದರೆ ಸೊಸೆ ಚೀಲ ತುಂಬಿಕೊಂಡು ತವರಿಗೆ ಹೋಗುತ್ತಾಳೆ, ಬಸ್ಸಿನ ತನಕ ನಾನೇ ಹೋಗಿ ಹತ್ತಿಸಿ ಬರುತ್ತೇನೆ. ನಿಮ್ಮ ತವರು ಎಲ್ಲಿ ಅತ್ತೆ ಎಂದು ಅವಳು ಒಮ್ಮೆ ಕೇಳಿದಳು. ಬೀದಿಯ ಆಚೆಗಿತ್ತು, ನಾನೇ ಗಾಡಿಗೆ ಹೇರಿ ಕಳಿಸಿದೆ ಎಂದೆ. ಅವಳಿಗೆ ಅರ್ಥವಾಗಲಿಲ್ಲ.