ಸದ್ದು ಮಾಡಿಕೊಂಡು ಬಾ

ನನ್ನ ಮೈದುನ ಸೈನ್ಯದಲ್ಲಿ ವೈರ್‌ಲೆಸ್ ಕೆಲಸ ಮಾಡಿದವನು. ಗುಡ್ಡದ ಮೇಲಿನ ತಗಡಿನ ಕೋಣೆಯಲ್ಲಿ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂರುವುದೇ ಅವನ ಯುದ್ಧ. ಗಸ್ತಿಗೆ ಹೋದವರು ಆಗಾಗ ತಾವೆಲ್ಲಿದ್ದೇವೆಂದು ಹೇಳಬೇಕು, ಇವನು ಕೇಳಿಸಿತು ಎನ್ನಬೇಕು. ರಜೆಗೆ ಬಂದಾಗ ನನ್ನ ಯಜಮಾನರು, ಕುರ್ಚಿ ಸವೆಸಿದ್ದಕ್ಕೂ ಪದಕ ಕೊಡ್ತಾರೇನೋ ಎಂದು ಕಿಚಾಯಿಸುತ್ತಿದ್ದರು. ಹಾಗೆ ಕೊಡೋದಾದ್ರೆ ನಿನ್ನ ಎದೆ ಮೇಲೆ ಜಾಗ ಸಾಲಲ್ಲ ಅಣ್ಣ ಎಂದು ಅವನೂ ಬಿಡುತ್ತಿರಲಿಲ್ಲ.

ಸೇವೆ ಮುಗಿಸಿ ಬಂದಾಗ ಆ ನಗೆ ಜೊತೆಗೆ ಬರಲಿಲ್ಲ. ಮೈಮೇಲೆ ಒಂದು ಗೀರೂ ಇರಲಿಲ್ಲ. ಅಷ್ಟು ನೋಡಿ ನಾವು ಸಮಾಧಾನಪಟ್ಟೆವು. ಬಂದ ಹೊಸದರಲ್ಲೇ ನನ್ನ ಕೈಯಿಂದ ತಟ್ಟೆ ಜಾರಿ ಬಿತ್ತು. ಅಷ್ಟು ದೊಡ್ಡ ಆಳು ಗೋಡೆಗೆ ಅಂಟಿಕೊಂಡು ಕುಕ್ಕರಿಸಿದ, ಬೆವರು ಧಾರೆ ಧಾರೆ.

ಅಂದಿನಿಂದ ಮನೆಮಂದಿಯೆಲ್ಲ ಸೇರಿ ಸದ್ದಡಗಿಸಿದೆವು. ಕರೆಗಂಟೆಯ ತಂತಿ ಕಿತ್ತೆವು. ಕುರ್ಚಿಯ ಕಾಲುಗಳಿಗೆ ಹಳೆಬಟ್ಟೆ ಸುತ್ತಿದೆವು. ಕಿರುಗುಟ್ಟುವ ಬಾಗಿಲಿಗೆ ಎಣ್ಣೆ ಬಿಟ್ಟೆವು. ಅವನ ಹೆಂಡತಿ, ಅಂದರೆ ನನ್ನ ಓರಗಿತ್ತಿ, ಮಗಳಿಗೆ ತುದಿಗಾಲಲ್ಲಿ ನಡೆಯುವುದನ್ನು ಕಲಿಸಿದಳು. ಆ ಮಗುವನ್ನು ನಾವು ಗಿಲಕಿ ಎಂದೇ ಕರೆಯುತ್ತಿದ್ದದ್ದು; ಬಾಯಿಗೆ ಬಿಡುವೇ ಕೊಡದ ಹುಡುಗಿ. ಅಂಥವಳೂ ಪಿಸುಗುಟ್ಟತೊಡಗಿದಳು.

ಅವನೋ ದಿನದಿಂದ ದಿನಕ್ಕೆ ಕೆಟ್ಟ. ಒಂದು ಕಡೆ ಕೂರುತ್ತಿರಲಿಲ್ಲ. ಕೋಣೆಯಿಂದ ಕೋಣೆಗೆ ಹೋಗಿ ಇಣುಕುವುದು, ಇದ್ದಾರೆ ಎಂದು ಖಾತ್ರಿಯಾದರೆ ಮುಂದಿನ ಬಾಗಿಲು. ಒಂದು ಮಧ್ಯಾಹ್ನ ಕಿಟಕಿಯತ್ತ ಮುಖ ಮಾಡಿ ನಿಂತಿದ್ದ. ಗಿಲಕಿ ನೀರಿನ ಲೋಟ ಹಿಡಿದು, ಕಲಿಸಿದ ಹಾಗೆಯೇ ತುದಿಗಾಲಲ್ಲಿ ಹಿಂದಿನಿಂದ ಹೋಗಿ ಅಂಗಿ ಜಗ್ಗಿದಳು. ಯಾರೆಂದು ಅವನಿಗೆ ತಿಳಿಯುವಷ್ಟರಲ್ಲಿ ಮಗುವಿನ ಮಣಿಕಟ್ಟು ಅವನ ಮುಷ್ಟಿಯಲ್ಲಿ ಮುರಿದಿತ್ತು.

ಆಸ್ಪತ್ರೆಯಿಂದ ಬಂದ ಮೇಲೆ ಅವನೇ ಹೆಂಡತಿಗೆ ಹೇಳಿದ.

"ಇವಳನ್ನ ಕರ್ಕೊಂಡು ನಿಮ್ಮಮ್ಮನ ಮನೆಗೆ ಹೋಗು. ನನ್ನ ಕೈನ ನಾನೇ ನಂಬಲ್ಲ."

ಅವಳು ಹೋದಳು. ಮಗಳು ಇನ್ನೊಮ್ಮೆ ತನ್ನ ಹತ್ತಿರ ಬರುತ್ತಾಳೋ ಇಲ್ಲವೋ, ಅದೊಂದೇ ಅವನಿಗೆ ಉಳಿದ ಚಿಂತೆ. ತುತ್ತು ಬಾಯಿಗಿಟ್ಟುಕೊಂಡು ಅಗಿಯುವುದನ್ನೇ ಮರೆತು ಕೂರುತ್ತಿದ್ದ.

ಸೈನ್ಯದಲ್ಲಿ ಲಾರಿ ಓಡಿಸುತ್ತಿದ್ದ ಅವನ ಗೆಳೆಯನೊಬ್ಬ ನೋಡಲು ಬಂದ. ನಿವೃತ್ತ ಸೈನಿಕರ ಕಚೇರಿಯ ಮಹಡಿಯಲ್ಲಿ ಒಬ್ಬ ಹೆಂಗಸು ಕೂರುತ್ತಾರೆ, ಮನಸ್ಸಿನ ತೊಂದರೆ ಕೇಳುತ್ತಾರೆ, ನಾನೂ ಹೋಗಿ ಬಂದವನೇ ಎಂದ. ನಂಗೇನು ಹುಚ್ಚಾ ಎಂದು ಮೈದುನ ರೇಗಿದ.

"ಹಲ್ಲು ನೋವಾದ್ರೆ ಡಾಕ್ಟ್ರ ಮುಂದೆ ಬಾಯಿ ತೆಗೀತೀಯಲ್ಲ. ಇಲ್ಲೂ ಬಾಯಿ ತೆಗೆಯೋದಷ್ಟೇ ಕಣೋ, ಇಕ್ಕಳ ಹಾಕಲ್ಲ" ಎಂದ ಗೆಳೆಯ.

ಹೋದ. ಮೊದಮೊದಲು ಕಲ್ಲಿನ ಹಾಗೆ ಕೂತು ಎದ್ದು ಬರುತ್ತಿದ್ದನಂತೆ. ಆಮೇಲೆ ಆ ಮೇಡಂ, ಮನೆಯವರೂ ಬರಲಿ ಎಂದರು. ತವರಿನಿಂದ ಓರಗಿತ್ತಿ ಬಂದಳು, ನಾನೂ ಹೊರಟೆ. ಚಿಕ್ಕ ಕೋಣೆ, ಬಣ್ಣ ಹೋದ ಪರದೆ, ತಿರುಗುವಾಗ ಕಟಕಟ ಎನ್ನುವ ಫ್ಯಾನು. ನಿಮ್ಮ ಮನೆಯಲ್ಲಿ ಒಂದು ದಿನ ಹೇಗೆ ಕಳೆಯುತ್ತದೆ ಹೇಳಿ ಎಂದರು ಮೇಡಂ. ಓರಗಿತ್ತಿ ಕರೆಗಂಟೆ, ಕುರ್ಚಿ ಕಾಲು, ತುದಿಗಾಲಿನ ನಡಿಗೆ, ಒಂದೂ ಬಿಡದೆ ಹೇಳಿದಳು. ನೋಡಿ, ಎಷ್ಟು ಜೋಪಾನ ಮಾಡಿದೆವು ಎಂಬ ಧಾಟಿ ಅದರಲ್ಲಿತ್ತು, ತಪ್ಪೇನಿಲ್ಲ.

ತಲೆ ತಗ್ಗಿಸಿ ಕೂತಿದ್ದ ಮೈದುನ ಮುಖ ಎತ್ತಿದ.

"ನನಗೋಸ್ಕರ ಮಾಡಿದ್ದಾ ಅದೆಲ್ಲ? ನಾನು ಬಂದು ನಿಮ್ಮ ಬಾಯಿ ಕಟ್ಟಿಹೋಯ್ತು ಅಂದ್ಕೊಂಡಿದ್ದೆ."

ಆಮೇಲೆ ತಡೆದು ತಡೆದು ಹೇಳಿದ.

"ಅವತ್ತು ಗಸ್ತಿಗೆ ಹೋದವರ ದನಿ ನಿಂತೋಯ್ತು. ಕರೆದೆ. ಕರೀತಾನೇ ಇದ್ದೆ. ಯಾರೂ ಓಗೊಡಲಿಲ್ಲ. ಬಿದ್ದ ತಟ್ಟೆ ಸದ್ದು ಒಂದು ಗಳಿಗೇಲಿ ಮುಗಿಯುತ್ತೆ ಅತ್ತಿಗೆ. ಮನೇಲಿ ಜನ ಇದ್ದೂ ದನಿ ಇಲ್ಲ ಅಂದ್ರೆ, ನಾನು ಮತ್ತೆ ಅದೇ ವೈರ್‌ಲೆಸ್ ಪೆಟ್ಟಿಗೆ ಮುಂದೆ."

ಓರಗಿತ್ತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಮೇಡಂ ಉಪದೇಶ ಮಾಡಲಿಲ್ಲ. ಮನೆಯಲ್ಲಿ ನಿಮಗೆ ಏನು ಕೇಳಿಸಬೇಕು ಎಂದು ಅವನನ್ನೇ ಕೇಳಿದರು. ಯಾರು ಎಲ್ಲಿದ್ದಾರೆ ಅಂತ ಗೊತ್ತಾದರೆ ಸಾಕು ಎಂದ.

ಅದನ್ನೇ ಪಾಲಿಸಿದೆವು. ಕುರ್ಚಿಯ ಬಟ್ಟೆ ಬಿಚ್ಚಿದೆವು, ಗಂಟೆ ಮತ್ತೆ ಹಾಕಿದೆವು. ಕೋಣೆ ಬಿಟ್ಟು ಕೋಣೆಗೆ ಹೋಗುವವರು ಹೇಳಿಯೇ ಹೋಗಬೇಕು, ಹಿಂದಿನಿಂದ ಬರುವವರು ಸದ್ದು ಮಾಡಿಕೊಂಡೇ ಬರಬೇಕು. ಯಜಮಾನರಂತೂ, ಬಚ್ಚಲಲ್ಲಿದ್ದೀನಿ, ಸೋಪು ಮುಗಿದಿದೆ, ಟವೆಲ್ ಮರೆತಿದ್ದೀನಿ ಎಂದು ಬೀದಿಗೆಲ್ಲ ಕೇಳುವ ಹಾಗೆ ಸಾರುತ್ತಿದ್ದರು. ಮೈದುನನ ತುಟಿಯ ಮೇಲೆ ಮೊದಲ ನಗು ಬಂದದ್ದು ಆ ಟವೆಲ್ಲಿನಿಂದ.

ಎಲ್ಲ ಸರಿಹೋಯಿತು ಎಂದರೆ ಸುಳ್ಳು. ಕೆಟ್ಟ ದಿನಗಳು ಬರುತ್ತಲೇ ಇದ್ದವು, ಅವನು ಆ ಮಹಡಿ ಹತ್ತುವುದನ್ನು ಬಿಡಲಿಲ್ಲ. ಗಿಲಕಿಯನ್ನೂ ಮೇಡಂ ಬೇರೆಯಾಗಿ ಕರೆಸಿ ಮಾತಾಡಿಸುತ್ತಿದ್ದರು. ಅವಳ ಕೈಯ ಪಟ್ಟಿ ಬಿಚ್ಚಿದರೂ ಮನೆಗೆ ಕರೆದುಕೊಂಡು ಹೋಗಿ ಎನ್ನಲಿಲ್ಲ. ಮೂಳೆ ಕೂಡಿತು, ಹೆದರಿಕೆ ಇಳಿಯಲಿ, ಮಗುವೇ ಕೇಳಲಿ ಎಂದರು. ಮೈದುನ ಒಮ್ಮೆಯೂ ಅವಸರಪಡಿಸಲಿಲ್ಲ.

ಕೊನೆಗೆ ಅವಳೇ ಕೇಳಿದಳಂತೆ. ಮಳೆ ನಿಂತ ಒಂದು ಬೆಳಿಗ್ಗೆ ಓರಗಿತ್ತಿ ಅವಳನ್ನು ಕರೆತಂದಳು. ಮೈದುನ ಬಾಗಿಲಿಗೆ ಎದುರಾಗಿ ಕೂತಿದ್ದ, ಎರಡೂ ಅಂಗೈ ಮಂಡಿಯ ಮೇಲೆ ಕಾಣುವಂತೆ ಇಟ್ಟುಕೊಂಡು. ಮಗು ಹೊಸ್ತಿಲಾಚೆ ನಿಂತಿತು. ಅಭ್ಯಾಸವಾಗಿಬಿಟ್ಟಿತ್ತಲ್ಲ, ತುದಿಗಾಲಲ್ಲೇ. ಅಮ್ಮನ ಸೀರೆ ಬಿಡಲೊಲ್ಲದು. ಅವನು ಏಳಲಿಲ್ಲ, ಬಾ ಎನ್ನಲಿಲ್ಲ.

"ಅಪ್ಪ ಇಲ್ಲಿದ್ದೀನಿ, ಕುರ್ಚಿ ಮೇಲೆ" ಎಂದ ಮೆಲ್ಲಗೆ. "ಕೇಳಿಸ್ತಾ?"

 

"ಕೇಳಿಸ್ತು" ಎಂದಳು ಗಿಲಕಿ. ಹಿಮ್ಮಡಿ ನೆಲಕ್ಕೆ ಊರಿದಳು. "ನಾನು ಬಾಗಿಲ ಹತ್ರ ಇದ್ದೀನಿ. ಈಗ ಒಳಗೆ ಬರ್ತೀನಿ."

ಬಂದಳು, ಬೂಟು ಧಪಧಪ ಕುಟ್ಟಿಕೊಂಡು. ನಾನು ಆಗಷ್ಟೇ ಒರೆಸಿದ ನೆಲದ ಮೇಲೆ ಬಾಗಿಲಿಂದ ಅವನ ಕುರ್ಚಿಯವರೆಗೂ ಕೆಸರು. ಆ ದಿನ ನಾನದನ್ನು ಒರೆಸಲಿಲ್ಲ.