ಕುಂಬಳಕಾಯಿಗೆ ಮೊದಲ ಚಾಕು

ಇಡೀ ಕುಂಬಳಕಾಯಿಯೊಂದು ಅಡುಗೆಕಟ್ಟೆಯ ಮೇಲೆ ಕೂತಿತೆಂದರೆ, ನಿವೃತ್ತರಾದದ್ದನ್ನು ಒಪ್ಪದ ದೊಡ್ಡ ಸಾಹೇಬರೊಬ್ಬರು ಮನೆಗೆ ಬಂದು ಕೂತಂತೆ. ಎಬ್ಬಿಸುವ ಧೈರ್ಯ ಯಾರಿಗೂ ಇರುವುದಿಲ್ಲ. ನಮ್ಮಲ್ಲಿ ಇಡೀ ಕಾಯಿಗೆ ಹೆಂಗಸರು ಮೊದಲು ಚಾಕು ಹಾಕುವಂತಿಲ್ಲ. ಗಂಡಸು ಬಂದು ಒಮ್ಮೆ ಸೀಳಬೇಕು, ಆಮೇಲಿನದೆಲ್ಲ ಅವರದು. ವಿಜಾಪುರದ ಕಡೆಯಿಂದ ಕಾಚಿಗೂಡಕ್ಕೆ ಬಂದ ನಮ್ಮ ಹಿರಿಯರು ಅರ್ಧ ಭಾಷೆಯನ್ನು ದಾರಿಯಲ್ಲೇ ಉದುರಿಸಿಕೊಂಡರೂ ಈ ಶಾಸ್ತ್ರವನ್ನು ಮಾತ್ರ ಜೋಪಾನವಾಗಿ ರೈಲಿನಿಂದ ಇಳಿಸಿಕೊಂಡರು. ಹೀಗಾಗಿ ಮದುವೆಯಾದಂದಿನಿಂದ ನಾನು ಮನೆಯ ಸಮಸ್ತ ಕುಂಬಳಕಾಯಿಗಳ ಉದ್ಘಾಟಕ. ಒಂದು ಸೀಳು ಹಾಕುವುದು, ಲೋಕೋಪಕಾರ ಮಾಡಿದವನಂತೆ ಕೈ ತೊಳೆದು ಪೇಪರಿಗೆ ಮರಳುವುದು. ಉದ್ಘಾಟಕರು ಮುಂದಿನ ಕಾಮಗಾರಿ ವಿಚಾರಿಸಿದ್ದನ್ನು ನೀವೆಲ್ಲಾದರೂ ಕಂಡಿದ್ದೀರಾ?

ಮುಂದೆ ನಡೆಯುತ್ತಿದ್ದುದು ಕೋಳಿಗಳ ಸಮಾರಾಧನೆ. ಮೊಟ್ಟೆಯ ಹೆಸರೆತ್ತಿದರೂ ಬಾಯಿ ಮುಕ್ಕಳಿಸುವ ವಂಶದಲ್ಲಿ ಹುಟ್ಟಿದ ನನ್ನ ಹೆಂಡತಿ ಗಿರಿಜಾ, ಸೀರೆಗೆ ಫಾಲ್ ತರಲು ಸುಲ್ತಾನ್ ಬಜಾರಿಗೆ ಹೋದವಳು, ಗುಲಾಬಿ ಹಸಿರು ಬಣ್ಣ ಬಳಿದು ಮಾರುತ್ತಿದ್ದ ಕೋಳಿಮರಿಗಳನ್ನು ಕಂಡು ಕರಗಿ, ಚೀಲದಲ್ಲಿಟ್ಟುಕೊಂಡು ಬಂದಿದ್ದಳು. ಬಣ್ಣ ಹೋಯಿತು, ಮಾಳಿಗೆಯ ಮೇಲೆ ಕೋಳಿಗಳು ಉಳಿದವು. ಮೊಟ್ಟೆಗಳು ಪಕ್ಕದ ಮನೆಯ ನೂರ್‌ಬೀಗೆ, ಕುಂಬಳದ ಸಿಪ್ಪೆ ನೂರ್‌ಬೀಯ ಆಡಿಗೆ, ತಿರುಳೂ ಬೀಜವೂ ಕೋಳಿಗಳಿಗೆ. ಬೀಜ ತಿಂದರೆ ಹೊಟ್ಟೆಯ ಹುಳ ಸಾಯುತ್ತವೆಂದು ಗಿರಿಜಾಳ ನಂಬಿಕೆ.

ಈ ಬೇಸಿಗೆಯಲ್ಲಿ ಅವಳ ಹೊಟ್ಟೆಯಲ್ಲೇ ಗಂಟೊಂದು ಕಂಡಿತು. ಸೀನು ಬಂದರೂ ಮೊಬೈಲಿನಲ್ಲಿ ರೋಗ ಹುಡುಕುವ ನಾನು, ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟದ್ದನ್ನು ನೋಡಿ ಏನೂ ಕೇಳಲಿಲ್ಲ. ಕೇಳಿದವಳು ಅವಳೇ. ನೋವು ಕಡಿಮೆ ಮಾಡಬಹುದು, ಅಷ್ಟೇ ಎಂದರು.

ಆ ವಾರ ಮಾಳಿಗೆಯ ಮೇಲೆ ಕುರ್ಚಿ ಹಾಕಿಸಿಕೊಂಡು ಕೂತಳು. ನಾನು ಎಂದಿನಂತೆ ಕಾಯಿ ಸೀಳಿ ಎದ್ದೆ.

"ಎಲ್ಲಿಗ್ರೀ? ಕೂಡ್ರಿ. ಇನ್ನ ಮುಂದಿಂದೂ ನೀವ ಮಾಡೂದು."

ಕೂತೆ. ನಾರಿನ ಸಮೇತ ಬೀಜ ಬಗೆದೆ, ಕುಟ್ಟಿದೆ, ತಿರುಳು ಹೆಚ್ಚಿದೆ.

"ಭಾಳ ದಪ್ಪ ಆತು. ಕೋಳಿಗಿ ಹಲ್ಲಿಲ್ಲರಿ."

"ನನಗರ ಎಷ್ಟ್ ಉಳದಾವು?"

"ಅದಕ್ಕ ಸಣ್ಣಗ ಹೆಚ್ಚೂದು ಕಲೀರಿ. ನಾಳೆ ನಿಮಗೂ ಬೇಕಾಗತೈತಿ."

ವಾರಕ್ಕೊಂದು ಕಾಯಿಯಂತೆ ಪಾಠ ಸಾಗಿತು. ಅವಳು ಕುರ್ಚಿಯಲ್ಲಿ ಕರಗುತ್ತ ಹೋದಳು, ನನ್ನ ಕೈ ಪಳಗುತ್ತ ಹೋಯಿತು. ಕೋಳಿಗಳು, ಯಾವ ಸಂಕೋಚವೂ ಇಲ್ಲದೆ, ಅವಳನ್ನು ಬಿಟ್ಟು ನನ್ನ ಸುತ್ತ ನೆರೆಯತೊಡಗಿದವು. ಒಂದು ದಿನ ಅವಳು ಒಂದು ತಪ್ಪೂ ಹಿಡಿಯಲಿಲ್ಲ. ಗೋಡೆಯಾಚೆ ಸಿಪ್ಪೆಗಾಗಿ ಕಾದಿದ್ದ ನೂರ್‌ಬೀಗೆ, "ಇವರಿಗೆ ಬಂತು ನೋಡ. ಇನ್ನ ನನಗ ಚಿಂತಿಲ್ಲ" ಎಂದು ಹೇಳಿ ಕುರ್ಚಿಗೆ ಒರಗಿದಳು.

ಜೀವಮಾನವೆಲ್ಲ ಚಿಂತೆಯನ್ನೇ ಉಂಡು ಬೆಳೆದವನಿಗೆ, ಇನ್ನೊಬ್ಬರ ನಿಶ್ಚಿಂತೆ ಇಷ್ಟು ಭಯ ಹುಟ್ಟಿಸೀತೆಂದು ಗೊತ್ತಿರಲಿಲ್ಲ.

ಮುಂದಿನ ವಾರ ನಾನು ಹೋಳುಗಳನ್ನು ಇಟ್ಟಿಗೆಯಂತೆ ಹೆಚ್ಚಿದೆ. ಇದು ಕೋಳಿಗೋ ಎಮ್ಮೆಗೋ ಎಂದು ನೂರ್‌ಬೀ ತನ್ನ ದಖ್ಖನಿ ಉರ್ದುವಿನಲ್ಲಿ ನಕ್ಕಳು. ಗಿರಿಜಾ ನಗಲಿಲ್ಲ.

"ಹ್ವಾದ ವಾರ ಛಲೋ ಹೆಚ್ಚಿದ್ರಲ್ಲ?"

"ಮರತೇನಿ" ಎಂದೆ.

ನನ್ನ ಮುಖ ನೋಡಿದಳು. ಆಮೇಲೆ ಹೆಚ್ಚುವ ಮಣೆಯನ್ನು ತೊಡೆಯ ಮೇಲೆ ಎಳೆದುಕೊಂಡು, ಒಂದು ಹೋಳನ್ನು ಸಣ್ಣಗೆ, ಸಾವಕಾಶ ಹೆಚ್ಚಿ ತೋರಿಸಿದಳು.

"ಮುಂದಿನ ವಾರನೂ ಮರೀತೀರೇನು?"

"ಮರೀತೀನಿ" ಎಂದೆ.