ಪೈನ್ ಕಾಡಿನ ಒಪ್ಪತ್ತು

ನಾನು ಡಬ್ಬಿ ತೆರೆದ ದಿನವೇ ಕನ್ನಡ ಮೇಡಂ ಅವರ ಒಪ್ಪತ್ತು ಬೀಳುತ್ತಿತ್ತು. ಆರು ವರ್ಷ ಹೀಗೇ ನಡೆಯಿತು. ಮಾನ್ವಿ ತಾಲ್ಲೂಕಿನ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಅವರು ಕನ್ನಡ ಕಲಿಸುತ್ತಾರೆ, ನಾನು ಗಣಿತ. ಸ್ಟಾಫ್ ರೂಮಿನಲ್ಲಿ ಕುರ್ಚಿಗಳು ಅಕ್ಕಪಕ್ಕ. ಮಗಳ ಹುಟ್ಟುಹಬ್ಬದ ಹೋಳಿಗೆ ಒಯ್ದರೂ ಅಷ್ಟೇ, ಬರೀ ಪುಂಡಿಪಲ್ಲೆ ಒಯ್ದರೂ ಅಷ್ಟೇ. ಡಬ್ಬಿಯನ್ನು ಅವರ ಕಡೆ ಸರಿಸಿದ ಕೂಡಲೇ ಮುಖದಲ್ಲಿ ಒಂದು ನಗು ತಂದುಕೊಂಡು, “ಇವತ್ತು ನಂದು ಒಪ್ಪತ್ತು ಅದರೀ, ಒಂದ ಹೊತ್ತು ಊಟ” ಎನ್ನುತ್ತಿದ್ದರು. ನಾನು “ಇರಲಿ ಬಿಡ್ರೀ” ಎಂದು ಮುಚ್ಚಳ ಹಾಕುತ್ತಿದ್ದೆ. ಹತ್ತು ನಿಮಿಷದ ಮೇಲೆ ಇಂಗ್ಲಿಷ್ ಮಾಸ್ತರರ ಡಬ್ಬಿಯಿಂದ ಅವರು ಒಂದು ಮಿರ್ಚಿ ಎತ್ತಿಕೊಳ್ಳುವುದನ್ನು ಎಷ್ಟೋ ಸಲ ನೋಡಿದ್ದೇನೆ. ಅವರ ಸ್ಟೀಲ್ ಬಾಟಲಿಯ ಕೊರಳಿಗೆ ಒಂದು ಕೆಂಪು ದಾರ. ನನ್ನ ಬಾಟಲಿಯೂ ಅದೇ ಕಂಪನಿಯದು, ಅದೇ ಅಳತೆಯದು. ಅದಲುಬದಲಾಗಬಾರದೆಂದು ಆ ದಾರ.

ಹತ್ತನೇ ತರಗತಿಗೆ ಅವರು ವಚನದ ಪಾಠ ಮಾಡುವಾಗ, ಎಲ್ಲರೂ ಒಂದೇ ಎನ್ನುವ ಸಾಲು ಬಂದರೆ ದನಿ ನಡುಗುತ್ತದೆ. ನಾಟಕವಲ್ಲ, ನಿಜವಾಗಿಯೇ ನಡುಗುತ್ತದೆ. ಪಕ್ಕದ ಕೋಣೆಯಲ್ಲಿ ಬೋರ್ಡಿನ ಮೇಲೆ ಸಮೀಕರಣ ಬರೆಯುವ ನನಗೆ ಅದು ಕೇಳಿಸುತ್ತದೆ, ಮೈಯೆಲ್ಲ ಉರಿಯುತ್ತದೆ.

ನಮ್ಮದು ದೇವದುರ್ಗದ ಕಡೆ, ಜಾಲಹಳ್ಳಿ. ಅವ್ವ ಕೂಲಿಗೆ ಹೋದವಳು. ನಾನು ನಾಲ್ಕೈದು ವರ್ಷದವಳಿದ್ದಾಗ ಅವಳ ಸೆರಗು ಹಿಡಿದುಕೊಂಡು ಒಂದು ಹೊಲಕ್ಕೆ ಹೋಗಿದ್ದೆ. ಮಧ್ಯಾಹ್ನ ಅವಳು ಬಾವಿಕಟ್ಟೆಯಿಂದ ಮಾರು ದೂರ ಕುಕ್ಕರಗಾಲಲ್ಲಿ ಕೂತು ಎರಡೂ ಕೈ ಬೊಗಸೆ ಮಾಡಿದಳು, ಹೊಲದ ಒಡತಿ ನಿಂತುಕೊಂಡು ಮೇಲಿನಿಂದ ನೀರು ಹೊಯ್ದಳು. ಅರ್ಧ ನೀರು ಅವ್ವನ ಮೊಣಕೈಯಿಂದ ಇಳಿದು ನೆಲಕ್ಕೆ ಹೋಯಿತು. ಆಮೇಲೆ ನಮ್ಮ ಮನೆ ಬೌದ್ಧರ ಮನೆಯಾಯಿತು, ನಾನು ಓದಿದೆ, ನೌಕರಿ ಹತ್ತಿತು, ಮನೆಗೆ ಫಿಲ್ಟರ್ ಬಂತು. ಆ ಮೊಣಕೈಗಳು ಮಾತ್ರ ಮರೆತಿಲ್ಲ.

ಇಂಥ ನಾನು ಇಂಥ ಅವರ ಜೊತೆ ಒಂದೇ ಟೆಂಟಿನಲ್ಲಿ ಮಲಗಿದ್ದಕ್ಕೆ ನಮ್ಮ ಪಿ.ಟಿ. ಮಾಸ್ತರರೇ ಕಾರಣ. ಅವರಿಗೆ ಬೆಟ್ಟ ಹತ್ತುವ ತರಬೇತಿ ಆಗಿದೆ. ಹಿಮಾಚಲದಲ್ಲಿ, ರಸ್ತೆಯಿಂದ ಆರು ತಾಸು ನಡೆದರೆ ಸಿಗುವ ಒಂದು ಪೈನ್ ಕಾಡು ಅವರಿಗೆ ಗೊತ್ತಿತ್ತು. “ಬಾಡಿಗಿ ಇಲ್ಲ, ಚೀಟಿ ಇಲ್ಲ, ನೀ ಯಾರು ಅಂತ ಕೇಳಾವ್ರಿಲ್ಲ. ಪುಕ್ಕಟ್ಟೆ ಇರೂದ್ರೀ! ನಳ ಇಲ್ಲ, ಕರೆಂಟಿಲ್ಲ, ಸಂಡಾಸಿಲ್ಲ. ಒಂದು ಸೆಲಿ ಅದ, ಅಷ್ಟ,” ಎಂದು ಮೇ ತಿಂಗಳ ರಜೆಯ ಮುಂಚೆ ಕುಣಿದಾಡಿದರು. ಗೋಡೆಗಳೂ ಬೆವರುವ ಬಿಸಿಲಿನಲ್ಲಿ ಕೂತವರಿಗೆ ಇಷ್ಟು ಸಾಕು. ನಾನು ಹೂಂ ಎಂದೆ. ಕನ್ನಡ ಮೇಡಂ ಕೂಡ ಹೂಂ ಎಂದಿದ್ದು ನನಗೆ ತಿಳಿದದ್ದು ರಾಯಚೂರು ಸ್ಟೇಷನ್ನಿನಲ್ಲಿ, ಗಾಡಿ ಬಂದು ನಿಂತ ಮೇಲೆ. ಮಾಸ್ತರರ ಹೆಂಡತಿ ನನ್ನ ತೋಳು ಹಿಡಿದು, “ನೀವಿಬ್ರು ಒಂದು ಟೆಂಟು, ನಾವಿಬ್ರು ಒಂದು ಟೆಂಟು” ಎಂದು ಖುಷಿಯಿಂದ ಹೇಳಿದರು. ಕನ್ನಡ ಮೇಡಂ ನನ್ನನ್ನು ನೋಡಿ ನಕ್ಕರು. ಒಪ್ಪತ್ತಿನ ನಗು ಅದೇ.

ಅವರು ಒಂದು ಚೀಲ ತುಂಬ ಕಟಕ ರೊಟ್ಟಿ, ಶೇಂಗಾ ಚಟ್ನಿ ತಂದಿದ್ದರು. ಎರಡು ದಿನದ ರೈಲಿನಲ್ಲಿ ಅದನ್ನೇ ತಿಂದರು. ಕಾಡಿಗೆ ಹೋದ ಮೇಲೂ ಅದನ್ನೇ ತಿಂದರು, ಯಾಕೆಂದರೆ ಅಲ್ಲಿ ಇದ್ದದ್ದು ಒಂದು ಸ್ಟೋವು, ಒಂದು ಪಾತ್ರೆ, ಮತ್ತು ಅಡುಗೆ ಮಾಡುವವಳು ನಾನು.

ಪೈನ್ ಕಾಡು ಚಂದ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಹೊಸದಾಗಿ ಬಣ್ಣ ಬಳಿದ ಬಾಗಿಲಿನ ವಾಸನೆ. ಮರಗಳು ಬೋಳು ಕಂಬಗಳು, ನೆರಳೆಲ್ಲ ತುದಿಯಲ್ಲಿ. ಕೆಳಗೆ ಹುಲ್ಲಿಲ್ಲ, ಗಿಡವಿಲ್ಲ, ಬರೀ ಸೂಜಿಯಂಥ ಒಣ ಎಲೆ, ಪಾದ ಮುಳುಗುವಷ್ಟು. ಕಾಲಿಟ್ಟರೆ ಎಣ್ಣೆಯ ಮೇಲೆ ಇಟ್ಟಂತೆ ಜಾರುತ್ತದೆ. ಗಾಳಿ ಬೀಸಿದರೆ ಎಲ್ಲೋ ಕಾಲುವೆಗೆ ನೀರು ಬಿಟ್ಟ ಹಾಗೆ ಸದ್ದು, ಹೋಗಿ ನೋಡಿದರೆ ನೀರಿಲ್ಲ. ಸೆಲೆ ಇದ್ದದ್ದು ಇಪ್ಪತ್ತು ನಿಮಿಷ ಕೆಳಗೆ, ಕಡಿದಾದ ಇಳಿಜಾರಿನ ಬುಡದಲ್ಲಿ.

ಬಂದ ಕೂಡಲೇ ಕನ್ನಡ ಮೇಡಂ ಟೆಂಟಿನ ಬಾಯಿಯನ್ನು ಗಾಳಿ ಬರುವ ಕಡೆಗೇ ಇರಿಸಬೇಕೆಂದು ಹಟ ಹಿಡಿದರು. ನಾನೂ ಬೇಡ ಎನ್ನಲಿಲ್ಲ, ಇದೊಂದರಲ್ಲಿ ನಮ್ಮಿಬ್ಬರಿಗೂ ಜಗಳವಿರಲಿಲ್ಲ. ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ನೀರು ಚೆಲ್ಲಿ, ಗಾಳಿಗೆ ತಲೆ ಕೊಟ್ಟು ಮಲಗಿ ಬೆಳೆದವರಿಗೆ ಗಾಳಿ ಎಂದರೆ ದೇವರು. ಮಾಸ್ತರರು ತಲೆ ಚಚ್ಚಿಕೊಂಡು, “ಇದು ರಾಯಚೂರಲ್ರೀ, ಗಾಳಿಗೆ ಬೆನ್ನು ಕೊಡ್ರಿ” ಎಂದರೂ ಕೇಳಲಿಲ್ಲ. ಕತ್ತಲಾಗುವ ಮೊದಲೇ ಆ ದೇವರು ಒಳಗೆ ಬಂದು ನಮ್ಮ ಎಲುಬು ಎಣಿಸತೊಡಗಿದ. ಹತ್ತಿ ಬಂದ ಆಯಾಸಕ್ಕೋ, ಎತ್ತರಕ್ಕೋ, ಆ ಚಳಿಗೋ ಕನ್ನಡ ಮೇಡಂಗೆ ತಲೆನೋವು ಹತ್ತಿ, ತಿಂದದ್ದು ಕುಡಿದದ್ದೆಲ್ಲ ವಾಂತಿಯಾಯಿತು. ನಾನು ಶುಂಠಿ ಹಾಕಿ ಬಿಸಿನೀರು ಕಾಯಿಸಿ ಕೊಟ್ಟೆ. ಅವರು ಲೋಟವನ್ನು ಪಕ್ಕಕ್ಕೆ ಇಟ್ಟುಕೊಂಡರು. ಬೆಳಿಗ್ಗೆ ನೋಡಿದರೆ ಲೋಟ ತುಂಬಿಯೇ ಇತ್ತು, ಮೇಲೆ ಒಂದು ಪೈನ್ ಎಲೆ ತೇಲುತ್ತಿತ್ತು. “ಈ ಎತ್ತರದಾಗ ನೀರು ಕುಡೀಲಿಲ್ಲಂದ್ರ ಜೀವಕ್ಕ ಕುತ್ತ್ರೀ ಮೇಡಂ” ಎಂದು ಮಾಸ್ತರರು ಬೈದರು. “ಸ್ನಾನ, ಪೂಜಿ ಮುಗಿಸಿ ಕುಡೀತೀನ್ರೀ” ಎಂದು ಅವರು ಒಂದು ಕ್ಯಾನು ಹಿಡಿದು ಒಬ್ಬರೇ ಸೆಲೆಗೆ ಇಳಿದರು.

ಅವರದು ಲಿಂಗ ಕಟ್ಟಿಕೊಳ್ಳುವ ಮನೆ. ಬೆಳ್ಳಿಯ ಕರಡಿಗೆಯಲ್ಲಿ ಲಿಂಗ, ಶಿವದಾರದಿಂದ ಕೊರಳಲ್ಲಿ ಎದೆಯ ಮೇಲೆ ಇರುತ್ತದೆ. ಅದಕ್ಕೆ ಪೂಜೆಯಾಗದೆ ಅವರು ನೀರನ್ನೂ ಮುಟ್ಟುವುದಿಲ್ಲ. ಆ ಮಂಜುಗಡ್ಡೆಯಂಥ ನೀರಿನಲ್ಲಿ ಮಿಂದು, ದಾರ ನೆನೆಯಿತೆಂದು ಬಿಚ್ಚಿ ಹಿಂಡಿ, ಪೂಜೆ ಮಾಡಿ, ಮರಗಟ್ಟಿದ ಬೆರಳಿನಿಂದ ಮತ್ತೆ ಗಂಟು ಹಾಕಿದ್ದಾರೆ. ಆ ತಣ್ಣೀರು ಮತ್ತೆ ವಾಂತಿಯಾದೀತೆಂದು ಅಲ್ಲಿ ಕುಡಿಯದೆ, ತುಂಬಿದ ಕ್ಯಾನು ಹೊತ್ತು ಮೇಲೆ ಬರುವಾಗ ಎರಡು ಕಡೆ ಜಾರಿ ಬಿದ್ದಿದ್ದಾರೆ, ಕ್ಯಾನು ಕೈಬಿಟ್ಟು ಉರುಳಿ ಹೋಗಿದೆ. ಟೆಂಟಿಗೆ ಬಂದು ಎದೆಯ ಮೇಲೆ ಕೈ ಇಟ್ಟುಕೊಂಡವರು ಹಾಗೇ ನಿಂತುಬಿಟ್ಟರು. ಗಂಟು ಬಿಚ್ಚಿತ್ತು. ಕರಡಿಗೆ ಇರಲಿಲ್ಲ.

ಲಿಂಗ ಕಳೆದರೆ ಅದು ಸಿಗುವವರೆಗೆ, ಇಲ್ಲ ಸ್ವಾಮಿಗಳು ಬೇರೆ ಲಿಂಗ ಕಟ್ಟುವವರೆಗೆ ಬಾಯಿಗೆ ಏನೂ ಹಾಕುವಂತಿಲ್ಲ. ಈಗ ಎಷ್ಟು ಮನೆಯವರು ಇದನ್ನು ಪಾಲಿಸುತ್ತಾರೋ ಗೊತ್ತಿಲ್ಲ, ಅವರು ಪಾಲಿಸುವವರು. ನಮಗೆ ಹತ್ತಿರದ ರಸ್ತೆ ಆರು ತಾಸಿನ ಹಾದಿ. ಅವರ ಸ್ವಾಮಿಗಳು ಇದ್ದದ್ದು ಮೂರು ದಿನ ದೂರದಲ್ಲಿ. ಮಾಸ್ತರರ ಹೆಂಡತಿ ಅಳುತ್ತಾ, “ಒಂದ ಗುಟುಕು ನೀರು ಕುಡೀರಿ, ದೇವ್ರು ಏನೂ ಅನ್ನಂಗಿಲ್ಲ” ಎಂದರು. “ಉಗುಳೂ ನುಂಗಂಗಿಲ್ರೀ” ಎಂದರು ಇವರು. ನಿನ್ನೆ ಸಂಜೆ ಕುಡಿದದ್ದೂ ಹೊಟ್ಟೆಯಲ್ಲಿ ಉಳಿದಿರಲಿಲ್ಲ. ತುಟಿ ಆಗಲೇ ಬಿರಿದಿತ್ತು.

ಹುಡುಕಲು ಹೊರಟೆವು. ಹೊರಡುವ ಮುಂಚೆ ಅವರು ಎಲ್ಲರಿಗೂ ಹೇಳಿದ ಹಾಗೆ, ಆದರೆ ನನ್ನನ್ನೇ ನೋಡುತ್ತಾ ಹೇಳಿದರು:

“ಕಣ್ಣಿಗೆ ಬಿದ್ರ ಕೂಗ್ರಿ. ಮುಟ್ಟಬ್ಯಾಡ್ರಿ.”

ಮಾಸ್ತರರು ಬೂಟಿನ ಲೇಸು ಕಟ್ಟಿಕೊಳ್ಳತೊಡಗಿದರು, ಅದು ಕಟ್ಟಿಯೇ ಇತ್ತು.

ಮಾಸ್ತರರು ಕೆಳಗೆ ಸೆಲೆಯ ಸುತ್ತ, ಅವರ ಹೆಂಡತಿ ಟೆಂಟಿನ ಹತ್ತಿರ, ನಡುವಿನ ಇಳಿಜಾರಿನಲ್ಲಿ ನಾವಿಬ್ಬರು. ಕನ್ನಡ ಮೇಡಂ ಮೇಲಿನಿಂದ ಮಂಡಿಯೂರಿ, ಜೋಳ ಹಸನು ಮಾಡುವ ಹಾಗೆ ಎರಡೂ ಕೈಯಿಂದ ಎಲೆ ಕೆದರುತ್ತಾ ಇಳಿಯುತ್ತಿದ್ದರು. ನಾನು ಕೆಳಗಿನಿಂದ ಹತ್ತುತ್ತಿದ್ದೆ. ಅರ್ಧ ತಾಸು ಆಗಿರಬೇಕು, ಒಂದು ಮರದ ಬೇರಿನ ಸಂದಿಯಲ್ಲಿ, ಪೈನ್ ಕಾಯಿಗೆ ಸುತ್ತಿಕೊಂಡ ದಾರ ಕಂಡಿತು. ದಾರದ ತುದಿಗೆ ಬೆಳ್ಳಿ.

ನನ್ನ ಕೈ ತಾನಾಗಿಯೇ ಮುಂದೆ ಹೋಯಿತು, ಒಂದು ಗೇಣು ದೂರದಲ್ಲಿ ನಿಂತಿತು. ಮುಟ್ಟಬ್ಯಾಡ್ರಿ ಎಂದಿದ್ದರಲ್ಲ. ಸರಿ, ಮುಟ್ಟುವುದಿಲ್ಲ. ಕೂಗ್ರಿ ಎಂದೂ ಹೇಳಿದ್ದರು. ನಾನು ಕೂಗಲಿಲ್ಲ.

ಆ ಬೇರಿನ ಪಕ್ಕದಲ್ಲಿ ಕೂತೆ. ಚೀಲದಿಂದ ನನ್ನ ಬಾಟಲಿ ತೆಗೆದು, ದಾರ ಕಟ್ಟಿಲ್ಲದ ಬಾಟಲಿ, ಅವರಿಗೆ ಕಾಣುವ ಹಾಗೆ ತಲೆ ಎತ್ತಿ ಗಟಗಟ ನೀರು ಕುಡಿದೆ. ಬಾಯಾರಿಕೆ ಇರಲಿಲ್ಲ. ಹುಡುಕಲಿ ಎಂದುಕೊಂಡೆ. ಕೈ ಮುಂದೆ ಮಾಡಿ, ಸಿಗದೆ ಕೂರುವುದು ಹೇಗಿರುತ್ತದೆ ಎಂದು ಸ್ವಲ್ಪ ತಿಳಿಯಲಿ. ಆರು ವರ್ಷದ ಮುಚ್ಚಳಗಳೆಲ್ಲ ನೆನಪಾದವು. ನನಗೆ ಸುಖವಾಗಿತ್ತು, ಇದನ್ನು ಮುಚ್ಚಿಟ್ಟು ಬರೆದರೆ ಬರೆಯುವುದೇ ದಂಡ. ಮರದ ನೆರಳು ನನ್ನ ಬಲಗಾಲಿನ ಮೇಲಿತ್ತು. ಅದು ಎಡಗಾಲಿಗೆ ಬರುವವರೆಗೆ ನಾನು ಕೂತೇ ಇದ್ದೆ.

ಅವರು ಇಳಿಯುತ್ತಾ ಬಂದರು. ಉಗುರಿನಲ್ಲಿ ಮಣ್ಣು, ಮೊಣಕೈ ಸುಲಿದು ರಕ್ತ. ನನ್ನಿಂದ ಹತ್ತು ಹೆಜ್ಜೆ ಮೇಲೆ ಬಂದು ಏನೋ ಕೇಳಲು ಬಾಯಿ ತೆರೆದರು. ನಾಲಿಗೆ ಅಂಗುಳಕ್ಕೆ ಅಂಟಿಕೊಂಡು ಮಾತು ಹೊರಡಲಿಲ್ಲ. ಪಾಠ ಮಾಡುವಾಗ ನಡುಗುವ ಆ ಗಂಟಲಿನಿಂದ ಒಣ ಎಲೆ ತುಳಿದಂಥ ಸದ್ದು ಮಾತ್ರ ಬಂತು. ಮತ್ತೆ ಬಗ್ಗಿ ಎಲೆ ಕೆದರಲು ಹೋದವರು ಮುಂದಕ್ಕೆ ಮುಗ್ಗರಿಸಿ ಮುಖ ಅಡಿಯಾಗಿ ಬಿದ್ದರು, ಏಳಲಿಲ್ಲ.

ನಾನು ಕೂಗಿದೆ. “ಇಲ್ಲಿ ಅದ ನೋಡ್ರೀ! ಇಲ್ಲೇ ಅದ!”

ಅವರು ತೆವಳಿಕೊಂಡೇ ಬಂದರು. ನಾನು ತೋರಿಸಿದ ಕಡೆ ಎರಡೂ ಕೈ ಹಾಕಿ ಕರಡಿಗೆಯನ್ನು ಎತ್ತಿಕೊಂಡು ಕಣ್ಣಿಗೆ ಒತ್ತಿಕೊಂಡರು. ಅತ್ತರು, ಆದರೆ ಕಣ್ಣೀರು ಬರಲಿಲ್ಲ, ಬರಲು ಮೈಯಲ್ಲಿ ನೀರೇ ಇರಲಿಲ್ಲ. ಮುಚ್ಚಳ ತೆಗೆದು ನೋಡಿ, ಲಿಂಗ ಇದೆ ಎಂದು ಖಾತ್ರಿಯಾದ ಮೇಲೆ ಹಲ್ಲಿನಿಂದ ಗಂಟು ಬಿಗಿದು ಕೊರಳಿಗೆ ಹಾಕಿಕೊಂಡರು. ಆಮೇಲೆ ನನ್ನ ಬಾಟಲಿ ನೋಡಿದರು. ಅವರ ಕ್ಯಾನು ಎಲ್ಲಿ ಉರುಳಿತ್ತೋ, ಸೆಲೆಗೆ ಇಳಿಯುವ ಶಕ್ತಿ ಅವರಲ್ಲಿ ಇರಲಿಲ್ಲ.

ನಾನು ಬಾಟಲಿ ಮುಂದೆ ಹಿಡಿದೆ. ಅವರು ಅದನ್ನು ತೆಗೆದುಕೊಳ್ಳಲಿಲ್ಲ. ಕುಕ್ಕರಗಾಲಲ್ಲಿ ಕೂತು, ತಲೆ ಬಗ್ಗಿಸಿ, ಎರಡೂ ಕೈ ಬೊಗಸೆ ಮಾಡಿ ಎತ್ತಿದರು.

ಬಾಟಲಿ ಮುಟ್ಟಬಾರದೆಂದು ಹಾಗೆ ಮಾಡಿದರೋ, ಕೈ ನಡುಗುತ್ತಿತ್ತೆಂದು ಮಾಡಿದರೋ, ನನಗೆ ಈಗಲೂ ಗೊತ್ತಿಲ್ಲ. ನಾನು ಎದ್ದು ನಿಂತೆ. ಮೇಲಿನಿಂದ ನೀರು ಹೊಯ್ದೆ. ಅವರು ಮುಖವನ್ನೇ ಬೊಗಸೆಯೊಳಗೆ ಇಟ್ಟು ಕುಡಿದರು. ಅರ್ಧ ನೀರು ಸುಲಿದ ಮೊಣಕೈಗಳಿಂದ ಇಳಿದು ನೆಲಕ್ಕೆ ಹೋಯಿತು. ನಾನು ಆ ಮೊಣಕೈಗಳನ್ನು ನೋಡುತ್ತಾ ನಿಂತಿದ್ದೆ, ನಿಂತ ಜಾಗ ಯಾರದು ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಜಾಲಹಳ್ಳಿಯ ಆ ಹೊಲದ ಒಡತಿ ಕೂಡ ಒಂದು ಕೈ ಸೊಂಟದ ಮೇಲೆ ಇಟ್ಟುಕೊಂಡಿದ್ದಳು. ನನ್ನ ಸೊಂಟದ ಮೇಲಿನ ಕೈಯನ್ನು ನಾನು ತೆಗೆದೆ.

“ಯಾವಾಗ ಕಂಡಿತ್ರೀ?” ಎಂದು ಕೇಳಿದರು, ದನಿ ಬಂದ ಮೇಲೆ.

“ಈಗ,” ಎಂದೆ.

ಬೇರಿನ ಪಕ್ಕದಲ್ಲಿ ನಾನು ಕೂತ ಜಾಗದಲ್ಲಿ ಎಲೆ ಒತ್ತಿ ಗುಳಿಯಾಗಿತ್ತು. ಅವರು ಅದನ್ನು ನೋಡಿದರು, ನೋಡಿದ್ದನ್ನು ನಾನೂ ನೋಡಿದೆ. ಆಮೇಲೆ ಇಬ್ಬರೂ ಮೇಲಕ್ಕೆ ಹತ್ತಿದೆವು.

ಮರುದಿನ ಇಳಿದು ಬಂದೆವು. ಶಾಲೆ ಶುರುವಾದ ಮೊದಲ ವಾರ ಕನ್ನಡ ಮೇಡಂ ಇಡೀ ಸ್ಟಾಫ್ ರೂಮಿಗೆ ಕಥೆ ಹೇಳಿದರು. “ಈಕಿ ಹುಡುಕಿ ಕೊಡಲಿಲ್ಲಂದ್ರ ನಾ ಅಲ್ಲೇ ಸಾಯ್ತಿದ್ದೆ. ನೀರು ಹಾಕಿದಾಕಿನೂ ಈಕೀನೇ,” ಎಂದರು. ಎಲ್ಲರೂ ನನ್ನ ಕಡೆ ನೋಡಿ ಶಹಬ್ಬಾಸ್ ಎಂದರು. ಅವರ ಬಾಟಲಿಯ ಕೊರಳಿನಲ್ಲಿ ಆ ದಿನ ಕೆಂಪು ದಾರ ಇರಲಿಲ್ಲ. ಅವರು ತಮ್ಮ ಡಬ್ಬಿ ತೆರೆದು, ಎಣ್ಣೆಗಾಯಿಯ ಖಾನೆಯನ್ನು ನನ್ನ ಮುಂದೆ ಸರಿಸಿ, “ತಗೋರಿ. ನಿಮ್ಮ ಡಬ್ಬಿನೂ ತಗೀರಿ, ನಾನೂ ತಗೋತೀನಿ” ಎಂದರು. ಆರು ವರ್ಷ ನಾನು ಕಾದ ಮಾತು ಅದು.

ಬದನೆಕಾಯಿಯ ವಾಸನೆಗೆ ಬಾಯಲ್ಲಿ ನೀರೂರಿತು. ಎಡಗಾಲಿಗೆ ಸರಿದ ಆ ಮರದ ನೆರಳು ನೆನಪಾಗಿ ಅದನ್ನು ನುಂಗಲು ಆಗಲಿಲ್ಲ.

“ಇವತ್ತು ನಂದು ಒಪ್ಪತ್ತು ಅದರೀ,” ಎಂದೆ.

ಅವರು ಎಣ್ಣೆಗಾಯಿಯ ಖಾನೆಯನ್ನು ಹಿಂದಕ್ಕೆ ಎಳೆದುಕೊಂಡರು. “ಇರಲಿ ಬಿಡ್ರೀ” ಎಂದು ಮುಚ್ಚಳ ಹಾಕಿದರು.